ಸುರುಳಿಯೊಳಗಿನ ಸ್ವರ

ಸ್ವಿಚ್ಚು ನಡುವಿಗೆ ಬಂದ ಕೂಡಲೇ ಗಿಟಾರಿನ ಜೀವ ಹೋಗುತ್ತಿತ್ತು. ಕತ್ತಿನ ಕಡೆಯ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಒಂದೇ ನುಡಿದರೆ ತುಂಬು ದನಿ, ಕುದುರೆಯ (ಬ್ರಿಡ್ಜಿನ) ಕಡೆಯದು ಒಂದೇ ನುಡಿದರೆ ಚುರುಕು ದನಿ. ಎರಡೂ ಸೇರಿದರೆ ಮಾತ್ರ ಮೂಗು ಕಟ್ಟಿದವರ ಮಾತು. ಟೆಕ್ಸಸ್ಸಿನ ಸೌತ್‌ಲೇಕ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಹಳೆಯ ಪಂಚೆ ಹಾಸಿದ ಮೇಜಿನ ಮೇಲೆ, ನಾನೂ ಮಗಳೂ ಬೆಸುಗೆಗಳನ್ನೆಲ್ಲ ಎರಡು ಸಲ ಬಿಚ್ಚಿ ಮತ್ತೆ ಹಾಕಿದೆವು. ಫಲ ಸಿಗಲಿಲ್ಲ.

ಅವಳದು ಲೆಸ್ ಪಾಲ್ ಮಾದರಿಯ, ಕಡಿಮೆ ಬೆಲೆಯ ಗಿಟಾರ್. ಮರ ಒಳ್ಳೆಯದು, ಕತ್ತು ನೇರ, ದನಿ ಮಾತ್ರ ಮೊದಲು ಕಂಬಳಿ ಹೊದ್ದು ಮಾತಾಡಿದ ಹಾಗಿತ್ತು. “ಅಪ್ಪಾ, 50ರ ದಶಕದ ಥರದ ಪಿಕಪ್ ಹಾಕೋಣ” ಅಂದಳು. ಕತ್ತಿನ ಕಡೆಗೆ ಹೊಸದೊಂದು ತರಿಸಿದೆವು. ಕುದುರೆಯ ಕಡೆಗೆ ಬೇರೆಯವರು ಮಾಡಿದ, ಯಾರೋ ಬಳಸಿ ಬಿಟ್ಟ, ಮುಚ್ಚಳವಿಲ್ಲದ್ದು ಸಿಕ್ಕಿತು. ಎರಡೂ ಹಳೆಯ ವಿನ್ಯಾಸದವೇ. ಅವನ್ನು ಹಾಕಿದ ಮೇಲೆ ಶುರುವಾದದ್ದೇ ಈ ತೊಂದರೆ. ಆ ವಿನ್ಯಾಸ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವನಿಗೆ ಮೊದಲು ಎದುರಾದದ್ದು ಟೆಕ್ಸಸ್ಸಿನವನೇ ಒಬ್ಬ.

ಜಾರ್ಜ್ ಬೀಚಮ್ ಹುಟ್ಟಿದ್ದು 1899ರಲ್ಲಿ, ಇಲ್ಲಿಂದ ನೈಋತ್ಯಕ್ಕಿರುವ ಕೋಲ್‌ಮನ್ ಕೌಂಟಿಯಲ್ಲಿ. ಲಾಸ್ ಏಂಜಲೀಸ್‌ಗೆ ಹೋಗಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ. ವಾದ್ಯವೃಂದದ ತುತ್ತೂರಿಗಳ ನಡುವೆ ತನ್ನ ಗಿಟಾರು ಯಾರಿಗೂ ಕೇಳುವುದಿಲ್ಲ ಎಂಬುದೇ ಅವನ ಕೊರಗು. ಮೊದಲು ಗ್ರಾಮಫೋನಿನ ಪಿಕಪ್ಪನ್ನು ಮರದ ತುಂಡಿಗೆ ಸಿಕ್ಕಿಸಿ, ಒಂದೇ ತಂತಿ ಕಟ್ಟಿ ನೋಡಿದ. ಆಮೇಲೆ ಬಟ್ಟೆ ಒಗೆಯುವ ಯಂತ್ರದ ಮೋಟರಿನಿಂದ ತಾಮ್ರದ ಸುರುಳಿ ಸುತ್ತಿದ. ಕುದುರೆ ಲಾಳದ ಆಕಾರದ ಎರಡು ಅಯಸ್ಕಾಂತಗಳನ್ನು ಜೋಡಿಸಿ, ಅವುಗಳ ಮಧ್ಯೆ ಉಕ್ಕಿನ ತಂತಿಗಳನ್ನು ಹಾಯಿಸಿದ. ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗುತ್ತದೆ, ಅದು ಅಲುಗಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತದೆ. ಅಷ್ಟೇ ವಿದ್ಯೆ. 1931ರ ಆ ಗಿಟಾರು ನೋಡಲು ಬಾಣಲೆಯ ಹಾಗಿದ್ದುದರಿಂದ ಅದಕ್ಕೆ ಆ ಹೆಸರೇ ನಿಂತಿತು. ಪೇಟೆಂಟು ಸಿಕ್ಕಿದ್ದು 1937ರಲ್ಲಿ. ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಕಚೇರಿಯವರು ಅನುಮಾನಿಸಿದ್ದರಿಂದ ವಾದಕರನ್ನು ವಾಷಿಂಗ್ಟನ್‌ಗೆ ಕಳಿಸಿ ಅಲ್ಲೇ ನುಡಿಸಿ ತೋರಿಸಬೇಕಾಯಿತು. ಅಷ್ಟರಲ್ಲಿ ಬೇರೆಯವರೂ ವಿದ್ಯುತ್ ಗಿಟಾರ್ ಮಾಡತೊಡಗಿದ್ದರು. ಬೀಚಮ್ 1941ರಲ್ಲಿ, ನಲವತ್ತೆರಡಕ್ಕೇ, ತೀರಿಕೊಂಡ. ತಾನು ತೆರೆದ ಬಾಗಿಲಿನಾಚೆ ಏನೇನಾಯಿತು ಎಂಬುದನ್ನು ಅವನು ನೋಡಲಿಲ್ಲವಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ತಂತಿಯ ಕಂಪನವನ್ನು ಹಿಡಿಯುವ ಸುರುಳಿ ಗೋಡೆಯೊಳಗಿನ ಕರೆಂಟಿನ ಮಿಡಿತವನ್ನೂ ಹಿಡಿಯುತ್ತದೆ. ನಮ್ಮೂರಿನ ಗಣೇಶನ ಪೆಂಡಾಲಿನಲ್ಲಿ ಮೈಕ್ ಸೆಟ್ಟು ಹಚ್ಚಿದಾಗ ಬರುತ್ತದಲ್ಲ, ಆ ಗುಂಯ್‌ ಸದ್ದು. ಇಂಡಿಯಾದಲ್ಲಿ ಅದು ಸೆಕೆಂಡಿಗೆ 50 ಮಿಡಿತದ ಲೆಕ್ಕದ್ದು, ಇಲ್ಲಿ 60ರದ್ದು. ಅದನ್ನು ಓಡಿಸಿದವರು ಮಿಶಿಗನ್ನಿನ ಕಲಾಮಜೂನಲ್ಲಿದ್ದ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್. ರೇಡಿಯೊ ರಿಪೇರಿ ಬಲ್ಲವರು, ನೌಕಾಪಡೆಯಲ್ಲಿ ಕೆಲಸ ಮಾಡಿದವರು. ಆಂಪ್ಲಿಫೈಯರಿನಲ್ಲಿ ಗುಂಯ್ ಕಳೆಯಲು ಬಳಸುತ್ತಿದ್ದ ಉಪಾಯವನ್ನೇ ಪಿಕಪ್ಪಿಗೆ ತಂದರು. ಒಂದರ ಬದಲು ಎರಡು ಸುರುಳಿ, ಎರಡರ ವಿದ್ಯುತ್ತೂ ಒಂದಕ್ಕೊಂದು ಎದುರು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಸಮನಾಗಿ ಹುಟ್ಟಿ, ಎದುರುಬದುರಾಗಿ ಅಳಿಯುತ್ತದೆ. ಹಾಗಾದರೆ ಹಾಡೂ ಅಳಿಯಬೇಕಲ್ಲ? ಅಳಿಯದಂತೆ ಒಂದು ಸುರುಳಿಯ ಕೆಳಗೆ ಅಯಸ್ಕಾಂತದ ಉತ್ತರ, ಇನ್ನೊಂದರ ಕೆಳಗೆ ದಕ್ಷಿಣ ಇಟ್ಟರು. ತಂತಿಯ ಸ್ವರ ಎರಡು ಸಲ ತಿರುಗುಮುರುಗಾಗಿ ಮತ್ತೆ ಒಂದಾಗುತ್ತದೆ. ಈ ಜಾಣ್ಮೆಯನ್ನು ಕಾಗದದ ಮೇಲೆ ಗೀಚಿ ಮಗಳಿಗೆ ತೋರಿಸಿದಾಗ ಅವಳು ಮಾತಿಲ್ಲದೆ ಆ ಚಿತ್ರವನ್ನೇ ನೋಡುತ್ತಾ ಕುಳಿತಳು. ಇದೇ ಕಾಲಕ್ಕೆ ಇಲಿನಾಯ್‌ನ ರೇ ಬಟ್ಸ್ ಎಂಬವರೂ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್‌ಗೋಸ್ಕರ ಇಂಥದ್ದನ್ನೇ ಸ್ವತಂತ್ರವಾಗಿ ಕಂಡುಕೊಂಡರು.

ಲವರ್ ಅರ್ಜಿ ಹಾಕಿದ್ದು 1955ರ ಜೂನಿನಲ್ಲಿ, ಪೇಟೆಂಟು ಕೈಗೆ ಬಂದದ್ದು 1959ರ ಜುಲೈಯಲ್ಲಿ. ನಡುವಿನ ವರ್ಷಗಳಲ್ಲಿ ಪಿಕಪ್ಪಿನ ಬೆನ್ನಿಗೆ ‘ಪೇಟೆಂಟಿಗೆ ಅರ್ಜಿ ಹಾಕಿದೆ’ ಎಂಬ ಪುಟ್ಟ ಚೀಟಿ ಅಂಟಿಸುತ್ತಿದ್ದರು. ಇಂಗ್ಲಿಷಿನ ಆ ಮೂರು ಪದಗಳ ಮೊದಲಕ್ಷರ ಕೂಡಿಸಿ ಜನ ಈಗಲೂ ಅದನ್ನು ಪಿ.ಎ.ಎಫ್. ಅನ್ನುತ್ತಾರೆ.

ಲವರ್ ಬಯಸಿದ್ದು ನಿಶ್ಶಬ್ದವನ್ನು ಮಾತ್ರ. ಇಂದು ಜನ ಬೆನ್ನಟ್ಟುವ ನಾದವನ್ನು ಯಾರೂ ಯೋಜಿಸಿರಲಿಲ್ಲ. ಕೂದಲಷ್ಟು ತೆಳ್ಳನೆಯ, 42ರ ಗೇಜಿನ ತಂತಿಯನ್ನು ಒಂದೊಂದು ಸುರುಳಿಗೂ ಸುಮಾರು 5000 ಸುತ್ತು ಹಾಕಬೇಕು. ಆಗಿನ ಸುತ್ತುವ ಯಂತ್ರಗಳು ಲೆಕ್ಕಕ್ಕೆ ತಾವಾಗಿ ನಿಲ್ಲುತ್ತಿರಲಿಲ್ಲ, ಬಾಬಿನ್ ತುಂಬಿದಂತೆ ಕಂಡಾಗ ಕೆಲಸದವರು ನಿಲ್ಲಿಸುತ್ತಿದ್ದರು. ಅಯಸ್ಕಾಂತಗಳೂ ಅಷ್ಟೆ, ಅಲ್ನಿಕೊ 2, 3, 4, 5ರಲ್ಲಿ ಆ ದಿನ ಯಾವುದು ಸಿಕ್ಕಿತೋ ಅದು. ಹೀಗಾಗಿ ಒಂದರಂತೆ ಇನ್ನೊಂದಿಲ್ಲ. ಎರಡು ಸುರುಳಿಗಳ ಸುತ್ತು ಕೊಂಚ ಹೆಚ್ಚುಕಡಿಮೆಯಾದಲ್ಲಿ ಗುಂಯ್ ಪೂರ್ತಿ ಸಾಯುವುದಿಲ್ಲ, ಬದಲಿಗೆ ಮೇಲಿನ ಸ್ವರಗಳ ಹೊಳಪೂ ಸಾಯದೆ ಉಳಿಯುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗಿಡುವ ನೂಲನ್ನು ನಮ್ಮವರು ಜೀವಾಳ ಅನ್ನುತ್ತಾರೆ. ಅದು ಕೂದಲೆಳೆ ಸರಿದರೂ ನಾದ ಬೇರೆ. ಈ ಪಿಕಪ್ಪುಗಳ ಜೀವಾಳ ಆ ಹೆಚ್ಚುಕಡಿಮೆಯಲ್ಲಿತ್ತು ಎಂದೇ ನಾನು ನಂಬುತ್ತೇನೆ.

ಅದು ಗೊತ್ತಾದದ್ದು ತಡವಾಗಿ. ಮಾರಾಟ ಕುಸಿದು, ಈ ಪಿಕಪ್ಪುಗಳಿದ್ದ ಹಳೆಯ ಗಿಬ್ಸನ್ ಲೆಸ್ ಪಾಲ್‌ಗಳ ತಯಾರಿ ನಿಂತುಹೋಯಿತು. 1966ರಲ್ಲಿ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಅಂಥದೊಂದನ್ನು ಜಾನ್ ಮೇಯಲ್ ತಂಡದ ಆಲ್ಬಮ್ಮಿನಲ್ಲಿ ನುಡಿಸಿದ ಮೇಲೆ ಹುಡುಗರು ಹುಡುಕತೊಡಗಿದರು. ಹೂಸ್ಟನ್ನಿನ ಗಿಟಾರ್ ವಾದಕ ಬಿಲ್ಲಿ ಗಿಬ್ಬನ್ಸ್ ಅವರಲ್ಲೊಬ್ಬರು. ಹಳೆಯ ಪ್ಯಾಕಾರ್ಡ್ ಕಾರೊಂದನ್ನು ಗೆಳತಿಯೊಬ್ಬಳಿಗೆ ಹಾಲಿವುಡ್ಡಿಗೆ ಹೋಗಲು ಕೊಟ್ಟಿದ್ದರಂತೆ. ಕಾರು ದಡ ಮುಟ್ಟಿಸಿತೆಂದು ಅದಕ್ಕೆ ‘ಪರ್ಲಿ ಗೇಟ್ಸ್’ (ಸ್ವರ್ಗದ ಬಾಗಿಲು) ಎಂದು ಹೆಸರಾಯಿತು. ಆಮೇಲೆ ಆಕೆ ಅದನ್ನು ಮಾರಿ ಹಣ ಕಳಿಸಿದಳು. ಆ ಹಣದಲ್ಲಿ 250 ಡಾಲರಿಗೆ ಕೊಂಡ 1959ರ ಲೆಸ್ ಪಾಲ್‌ಗೂ ಅದೇ ಹೆಸರಿಟ್ಟರು. ಮುಂದೆ ಪಿಕಪ್ ತಯಾರಕ ಸೇಮೂರ್ ಡಂಕನ್ ಆ ಗಿಟಾರಿನ ಪಿಕಪ್ಪುಗಳನ್ನು ಮಾದರಿಯಾಗಿಟ್ಟುಕೊಂಡು ಹೊಸದನ್ನು ಮಾಡಿ, ಅದೇ ಹೆಸರಲ್ಲಿ ಮಾರಿದರು. 1994ರಲ್ಲಿ ಅವರ ಕಂಪನಿ ಸ್ವತಃ ಸೆತ್ ಲವರ್ ಜೊತೆಗೂಡಿ ಅವರ ಹೆಸರಿನದೇ ಒಂದನ್ನು ತಂದಿತು. ಆಗ ಲವರ್‌ಗೆ ಎಂಬತ್ತನಾಲ್ಕು.

ಇಷ್ಟು ಓದಿಕೊಂಡ ಮೇಲೆ ನಮ್ಮ ತೊಂದರೆ ಎಲ್ಲಿರಬಹುದೆಂದು ಹೊಳೆಯಿತು. ಮಗಳ ಶಾಲೆಯ ಪೆಟ್ಟಿಗೆಯಿಂದ ದಿಕ್ಸೂಚಿ ತಂದು ಕತ್ತಿನ ಪಿಕಪ್ಪಿನ ಸ್ಕ್ರೂಗಳ ಮೇಲೆ ಹಿಡಿದೆವು. ಮುಳ್ಳಿನ ಕೆಂಪು ತುದಿ ವಾಲಿತು. ಕುದುರೆಯ ಕಡೆಯದರ ಸ್ಕ್ರೂಗಳ ಮೇಲೆ ಹಿಡಿದರೆ ಬಿಳಿ ತುದಿ! ತಯಾರಿಸಿದವರು ಬೇರೆಬೇರೆ, ಅಯಸ್ಕಾಂತ ಕೂರಿಸಿದ ದಿಕ್ಕೂ ಬೇರೆ. ಎರಡೂ ಕೂಡಿದಾಗ ಒಂದರ ಅಲೆ ಏರಿದರೆ ಇನ್ನೊಂದರದು ಇಳಿದು, ಮಂದ್ರವೆಲ್ಲ ಕೊಚ್ಚಿಹೋಗುತ್ತಿತ್ತು. ಗುಂಯ್ ಅಳಿಸಲು ಲವರ್ ಹೂಡಿದ ಆಟವೇ ಇಲ್ಲಿ ಹಾಡನ್ನು ಅಳಿಸುತ್ತಿತ್ತು.

ತಂತಿಗಳನ್ನು ಅದಲುಬದಲು ಮಾಡುವಂತಿರಲಿಲ್ಲ. ಹಳೆಯ ರೀತಿಯಲ್ಲಿ ಹೊರಗಿನ ಲೋಹದ ಜಡೆಯೇ ಭೂಮಿಯ ತಂತಿ. ಅದಲುಬದಲಾದರೆ ಪಿಕಪ್ಪಿನ ತಗಡೆಲ್ಲ ಗುಂಯ್ ಹಿಡಿಯುತ್ತದೆ. ಹಾಗಾಗಿ ಕುದುರೆಯ ಕಡೆಯದರ ಸುರುಳಿಗೆ ಸುತ್ತಿದ್ದ ಟೇಪು ಬಿಡಿಸಿ, ತಳದ ನಾಲ್ಕು ಸ್ಕ್ರೂ ಸಡಿಲಿಸಿ, ಒಳಗಿನ ಅಯಸ್ಕಾಂತದ ಪಟ್ಟಿಯನ್ನು ಮೆಲ್ಲಗೆ ಎಳೆದೆವು. ಅದನ್ನು ಅಡಿಮೇಲು ಮಗುಚಿ ಮತ್ತೆ ಒಳಗೆ ತೂರಿಸಿದವಳು ಮಗಳು. ನನ್ನ ಬೆರಳು ದಪ್ಪ.

ಸ್ವಿಚ್ಚು ನಡುವಿಗೆ ತಂದು ಇ ಮೈನರ್ ನುಡಿಸಿದಳು. ದೇವಸ್ಥಾನದ ಗಂಟೆ ಹೊಡೆದ ಮೇಲೆ ಉಳಿಯುವ ದನಿಯ ಹಾಗೆ ಅದು ಗ್ಯಾರೇಜಿನ ತುಂಬ ನಿಂತಿತು.

ತೆಗೆದಿಟ್ಟ ಹಳೆಯ ಪಿಕಪ್ಪಿನಲ್ಲಿ ಎಷ್ಟು ಸುತ್ತಿದೆ ಎಂದು ಅವಳೀಗ ಬಿಡಿಸಿ ಎಣಿಸುತ್ತಿದ್ದಾಳೆ. ಪ್ರತಿ ನೂರಕ್ಕೆ ಕಾಗದದ ಮೇಲೊಂದು ಗೆರೆ. ನಿನ್ನೆ ರಾತ್ರಿ 2600ಕ್ಕೆ ತಂತಿ ತುಂಡಾಯಿತು. ತುದಿ ಹುಡುಕಿಕೊಂಡು ಮತ್ತೆ ಮುಂದುವರಿಸಿದ್ದಾಳೆ.