ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲದಕ್ಕೂ ಲೆಕ್ಕವಿದೆ. ಚೆಂಡು ಎಸೆದವನು ಎಷ್ಟು ಗಜ ಎಸೆದ, ಹಿಡಿದವನು ಎಷ್ಟು ಹಿಡಿದ, ಹೊತ್ತು ಓಡಿದವನು ಎಷ್ಟು ಓಡಿದ, ಅವನನ್ನು ಕೆಡವಿದವನು ಎಷ್ಟು ಸಲ ಕೆಡವಿದ ಎಲ್ಲವೂ ಪಟ್ಟಿಯಲ್ಲಿ ಸಿಗುತ್ತದೆ. ಇವರೆಲ್ಲರ ಮುಂದೆ ಬಗ್ಗಿ ನಿಂತು ಏಟು ತಿನ್ನುವ ಐವರ ಹೆಸರಿನ ಎದುರು ಮಾತ್ರ ಹೇಳಿಕೊಳ್ಳುವಂಥ ಅಂಕಿಯೊಂದೂ ಇಲ್ಲ. ಚೆನ್ನಾಗಿ ಆಡಿದರೆ ಹೆಸರು ಹಿಂದೆ ಓಡುವವನಿಗೆ; ಎಡವಿದರೆ ಎದುರಾಳಿಯ ಖಾತೆಗೆ ಜಮೆ. ಆಫೆನ್ಸಿವ್ ಲೈನ್ ಎಂದರೆ ಈ ಐವರ ಸಾಲು. ಹೊಸ ಋತುವಿಗೆ ಮುಂಚೆ ಪತ್ರಿಕೆಗಳೆಲ್ಲ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಚಿತ್ರ ಹಾಕಿ ಭವಿಷ್ಯ ನುಡಿಯುತ್ತವೆ. ತಂಡದ ಮೇಲೆ ಎಷ್ಟು ಆಸೆ ಇಟ್ಟುಕೊಳ್ಳಬಹುದು ಎಂದು ತಿಳಿಯಲು ಈ ಸಾಲನ್ನು ನೋಡುವುದೇ ವಾಸಿ ಎನ್ನುವುದು ನನ್ನ ಎಣಿಕೆ. ಅದಕ್ಕೆ ಡಲ್ಲಾಸ್ ಕೌಬಾಯ್ಸ್ ತಂಡದ 2011ರಿಂದ 2014ರವರೆಗಿನ ಕಥೆಯನ್ನು ಎತ್ತಿಕೊಳ್ಳುತ್ತೇನೆ.

ಅದಕ್ಕೂ ಮುನ್ನ ಆಟದ ಒಂದಿಷ್ಟು ಪರಿಚಯ. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡು ಇರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ಸಾಲಿನ ನಡುವೆ ನಿಂತು ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ದಾಟಿಸುವವನು ಸೆಂಟರ್. ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಸುಮಾರು 140 ಕಿಲೋ ತೂಗುವ ಆಳುಗಳು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯಲು ಸಾಮಾನ್ಯವಾಗಿ ಇವರಿಗೆ ಅನುಮತಿಯಿಲ್ಲ. ಎದುರಾಳಿಯನ್ನು ತಳ್ಳಬಹುದು, ಹಿಡಿದು ನಿಲ್ಲಿಸುವಂತಿಲ್ಲ. ಹಿಡಿದರೆ ಹತ್ತು ಗಜ ದಂಡ. ಚೆಂಡು ಅಲ್ಲಾಡುವ ಮೊದಲೇ ಮಿಸುಕಿದರೂ ಐದು ಗಜ ಹೋಯಿತು. ಬಲಗೈಯಿಂದ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಎಡಗಡೆಯಿಂದ ಬರುವವನು ಕಾಣುವುದಿಲ್ಲ. ಎಡ ಟ್ಯಾಕಲ್‌ಗೆ ಹೆಚ್ಚು ದುಡ್ಡು ಕೊಡುವ ರೂಢಿ ಬೆಳೆದದ್ದು ಹೀಗೆ.

ಬರೀ ಮೈಬಲದ ಕೆಲಸವಾಗಿದ್ದರೆ ದೊಡ್ಡ ಆಳುಗಳನ್ನು ತಂದು ನಿಲ್ಲಿಸಿದರೆ ಮುಗಿಯುತ್ತಿತ್ತು. ಒಂದು ಸಂದರ್ಭ ನೋಡಿ. ಎದುರು ಸಾಲಿನ ಇಬ್ಬರು ನೇರ ನುಗ್ಗುವಂತೆ ಹೊರಟು ನಡುವೆ ದಾರಿ ಅದಲುಬದಲು ಮಾಡಿಕೊಳ್ಳುತ್ತಾರೆ. ಹೊರಗಿದ್ದವನು ಒಳಗೆ ಕತ್ತರಿಸುತ್ತಾನೆ, ಒಳಗಿದ್ದವನು ಅವನ ಬೆನ್ನ ಹಿಂದಿನಿಂದ ಸುತ್ತಿ ಹೊರಗೆ ಬರುತ್ತಾನೆ. ಈಗ ಟ್ಯಾಕಲ್ ತನ್ನವನನ್ನು ಬೆನ್ನಟ್ಟಿ ಒಳಗೆ ಹೋದರೆ ಗಾರ್ಡ್‌ಗೆ ಡಿಕ್ಕಿ ಹೊಡೆಯುತ್ತಾನೆ, ಹೊರಗಿನ ಬಾಗಿಲು ತೆರೆದೇ ಬಿಡುತ್ತದೆ. ತನ್ನವನನ್ನು ಭುಜದಿಂದ ಒಂದಿಷ್ಟು ನೂಕಿ ಗಾರ್ಡ್‌ಗೆ ಒಪ್ಪಿಸಿ, ಇನ್ನೂ ಕಣ್ಣಿಗೆ ಬೀಳದ ಎರಡನೆಯವನಿಗೆ ಕಾದು ನಿಲ್ಲಬೇಕು. ಗಾರ್ಡ್ ಕೂಡ ಅದೇ ಕ್ಷಣದಲ್ಲಿ ಹಾಗೆಯೇ ಯೋಚಿಸಿರಬೇಕು. ಮಾತಾಡಲು ಪುರುಸೊತ್ತಿಲ್ಲ, ಚೆಂಡು ಎಸೆಯುವವನಿಗೆ ಸಿಗುವುದೇ ಎರಡೂವರೆ, ಮೂರು ಸೆಕೆಂಡು. ಕಬಡ್ಡಿಯಲ್ಲಿ ಕೈಕೈ ಹಿಡಿದು ರೈಡರ್‌ನನ್ನು ಕಟ್ಟಿಹಾಕುವ ಜೋಡಿಯಲ್ಲಿ ಒಬ್ಬ ಅರೆಗಳಿಗೆ ಮೊದಲೇ ನುಗ್ಗಿದರೆ ಸರಪಳಿ ಹರಿಯುವುದಿಲ್ಲವೇ, ಇಲ್ಲೂ ಅಷ್ಟೇ. ನಾಲ್ವರು ಸರಿಯಾಗಿ ಆಡಿ ಒಬ್ಬ ತಪ್ಪಿದರೆ ಐವರೂ ತಪ್ಪಿದಂತೆ.

ಸದ್ದಿನ ಕಾಟ ಬೇರೆ. ಎದುರಾಳಿಯ ಅಂಗಳದಲ್ಲಿ ಜನ ಅರಚುವಾಗ ಕ್ವಾರ್ಟರ್‌ಬ್ಯಾಕ್‌ನ ಕೂಗು ಮುಂದಿನ ಸಾಲಿಗೆ ಕೇಳಿಸುವುದಿಲ್ಲ. ಆಗ ಗಾರ್ಡ್ ತಿರುಗಿ ನೋಡಿ, ಅವನು ಸಿದ್ಧನಾದ ಕೂಡಲೇ ಸೆಂಟರ್‌ನ ಮೈ ತಟ್ಟುತ್ತಾನೆ. ಸೆಂಟರ್ ತಲೆಯೆತ್ತಿ, ಮೊದಲೇ ಗೊತ್ತುಮಾಡಿಕೊಂಡ ಎಣಿಕೆ ಮುಗಿದೊಡನೆ ಚೆಂಡು ದಾಟಿಸುತ್ತಾನೆ. ಮಿಕ್ಕ ಮೂವರೂ ಅದೇ ಎಣಿಕೆಯನ್ನು ಮನಸ್ಸಿನಲ್ಲೇ ಎಣಿಸುತ್ತಿರಬೇಕು.

ಇನ್ನು ಡಲ್ಲಾಸ್‌ಗೆ ಬರೋಣ. 1989ರಲ್ಲಿ ತಂಡವನ್ನು ಕೊಂಡ ಜೆರ್ರಿ ಜೋನ್ಸ್, ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 2010ರವರೆಗೆ ಒಮ್ಮೆಯೂ ಈ ಸಾಲಿನ ಆಟಗಾರನನ್ನು ತೆಗೆದುಕೊಂಡಿರಲಿಲ್ಲ. ಅದಕ್ಕೊಂದು ಹಿನ್ನೆಲೆ ಇತ್ತೆನ್ನಿ. 1990ರ ದಶಕದಲ್ಲಿ ಮೂರು ಸಲ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದುಕೊಟ್ಟ ಅವರ ಪ್ರಸಿದ್ಧ ಸಾಲು ಕಟ್ಟಿದ್ದು ಕೆಳಗಿನ ಸುತ್ತಿನವರಿಂದ ಮತ್ತು ಡ್ರಾಫ್ಟ್‌ನಲ್ಲಿ ಯಾರೂ ಆರಿಸದವರಿಂದ. ಒಮ್ಮೆ ಅಗ್ಗಕ್ಕೆ ಸಿಕ್ಕಿದ್ದು ಯಾವಾಗಲೂ ಅಗ್ಗಕ್ಕೇ ಸಿಗುತ್ತದೆ ಎಂದು ನಂಬುವವರು ನಮ್ಮ ಸಂತೆಯಲ್ಲೂ ಇದ್ದಾರೆ.

2011ರಲ್ಲಿ ಲೆಕ್ಕ ಬದಲಾಯಿತು. ಒಂಬತ್ತನೆಯ ಸರದಿಯಲ್ಲಿ 20 ವರ್ಷದ ಟೈರನ್ ಸ್ಮಿತ್ ಬಂದರು. ಮೊದಲ ವರ್ಷ ಬಲ ಟ್ಯಾಕಲ್ ಜಾಗದಲ್ಲಿ ಆಡಿಸಿ, ಮರುವರ್ಷ ಎಡಕ್ಕೆ ದಾಟಿಸಿದರು; ಅಲ್ಲಿದ್ದ ಡಗ್ ಫ್ರೀ ಬಲಕ್ಕೆ ಹೋದರು. 2012ರಲ್ಲಿ ಸಾಲಿಗೆ ತರಬೇತಿ ಕೊಡಲು ಬಿಲ್ ಕ್ಯಾಲಹನ್ ಬಂದರು. ಅದೇ ವರ್ಷ ಯಾರೂ ಆರಿಸದೆ ಉಳಿದಿದ್ದ ರಾನ್ ಲಿಯರಿ ತಂಡ ಸೇರಿ, ಮುಂದಿನ ಋತುವಿಗೆ ಎಡ ಗಾರ್ಡ್ ಆದರು. 2013ರಲ್ಲಿ ತಂಡ ತನ್ನ 18ನೆಯ ಸರದಿಯನ್ನು ಬಿಟ್ಟುಕೊಟ್ಟು 31ಕ್ಕೆ ಇಳಿದು ಸೆಂಟರ್ ಟ್ರಾವಿಸ್ ಫ್ರೆಡರಿಕ್ ಅವರನ್ನು ಆರಿಸಿದಾಗ ಪಂಡಿತರು ನಕ್ಕರು. ಈತನಿಗೆ ಮೊದಲ ಸುತ್ತು ದುಬಾರಿ ಎಂಬುದು ಅವರ ಮಾತು. ಫ್ರೆಡರಿಕ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವರು. ಎದುರು ಸಾಲಿನ ನಿಲುವು ಓದಿ, ಯಾರನ್ನು ಯಾರು ತಡೆಯಬೇಕೆಂದು ಕೂಗಿ ಹೇಳುವುದೇ ಸೆಂಟರ್‌ನ ಅರ್ಧ ಕೆಲಸ. ಮೊದಲ ವರ್ಷವೇ ಅವರು 16 ಪಂದ್ಯಗಳಿಗೂ ಇಳಿದರು.

ಆದರೂ ಫಲ ಕಾಣಲಿಲ್ಲ. 2011, 2012, 2013 ಮೂರೂ ಋತುಗಳಲ್ಲಿ ಎಂಟು ಗೆಲುವು, ಎಂಟು ಸೋಲು. ಮೂರು ಸಲವೂ ಕೊನೆಯ ಪಂದ್ಯ ಗೆದ್ದಿದ್ದರೆ ಪ್ಲೇಆಫ್ ಎಂಬ ಕೊನೆಯ ನಾಕೌಟ್ ಸುತ್ತಿಗೆ ಪ್ರವೇಶ ಸಿಗುತ್ತಿತ್ತು. ಮೂರು ಸಲವೂ ಸ್ವಂತ ವಿಭಾಗದ ಪ್ರತಿಸ್ಪರ್ಧಿಗಳಿಗೇ ಸೋತರು: ಮೊದಲು ಜಯಂಟ್ಸ್, ಆಮೇಲೆ ವಾಷಿಂಗ್ಟನ್, ಕೊನೆಗೆ ಈಗಲ್ಸ್. ಹಣೆಬರಹ ಎಂದು ಅಭಿಮಾನಿಗಳು ಕೈಚೆಲ್ಲುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

2014ರ ಡ್ರಾಫ್ಟ್‌ನಲ್ಲಿ 16ನೆಯ ಸರದಿ ಬಂದಾಗ ಕಾಲೇಜು ಆಟದ ದೊಡ್ಡ ತಾರೆ, ಟೆಕ್ಸಸ್‌ನ ಮಗ ಜಾನಿ ಮ್ಯಾಂಜಿಯಲ್ ಇನ್ನೂ ಉಳಿದಿದ್ದರು. ಜೆರ್ರಿ ಜೋನ್ಸ್‌ಗೆ ಆ ಕ್ವಾರ್ಟರ್‌ಬ್ಯಾಕ್ ಮೇಲೆ ಮನಸ್ಸಿತ್ತು. ಅದನ್ನು ಅವರು ಆಮೇಲೆ ಮುಚ್ಚಿಡಲೂ ಇಲ್ಲ. ಮಗ ಸ್ಟೀಫನ್ ಮತ್ತು ಆಟಗಾರರನ್ನು ಗುರುತಿಸುವ ತಂಡದವರು ಪಟ್ಟು ಹಿಡಿದು ನೋಟರ್ ಡೇಮ್‌ನ ಝ್ಯಾಕ್ ಮಾರ್ಟಿನ್ ಹೆಸರು ಹೋಗುವಂತೆ ನೋಡಿಕೊಂಡರು. ಮ್ಯಾಂಜಿಯಲ್‌ರನ್ನು ಕ್ಲೀವ್‌ಲ್ಯಾಂಡ್ ಒಯ್ದಿತು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅವರ ಆಟ ಎರಡೇ ಋತು. ಕಾಲೇಜಿನಲ್ಲಿ ಎಡ ಟ್ಯಾಕಲ್ ಆಗಿದ್ದ ಮಾರ್ಟಿನ್ ಇಲ್ಲಿ ಬಲ ಗಾರ್ಡ್ ಆಗಿ, ಮೊದಲ ವರ್ಷವೇ ಆ ಜಾಗದ ಅತ್ಯುತ್ತಮರ ಪಟ್ಟಿ ಸೇರಿದರು.

ಆ ಬೇಸಿಗೆಯಲ್ಲಿ ಡಲ್ಲಾಸ್ ಮೇಲೆ ಆಸೆ ಇಟ್ಟವರು ಕಡಿಮೆ. ಹಿಂದಿನ ವರ್ಷ ಅವರ ರಕ್ಷಣೆ ಬಿಟ್ಟುಕೊಟ್ಟ ಗಜಗಳ ಲೆಕ್ಕದಲ್ಲಿ ಇಡೀ ಲೀಗ್‌ಗೇ ಕೊನೆ. ರಕ್ಷಣೆಯ ಆಧಾರವಾಗಿದ್ದ ಡಿಮಾರ್ಕಸ್ ವೇರ್ ಅವರನ್ನು ಬಿಟ್ಟು ಕಳಿಸಿಯಾಗಿತ್ತು, ರಕ್ಷಣೆಯ ಇನ್ನೊಬ್ಬ ಆಟಗಾರ ಶಾನ್ ಲೀ ಮಂಡಿಗೆ ಗಾಯ ಮಾಡಿಕೊಂಡಿದ್ದರು, ಕ್ವಾರ್ಟರ್‌ಬ್ಯಾಕ್ ಟೋನಿ ರೋಮೊ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನ ಶಿಬಿರದಲ್ಲಿ ಬೇರೆ ಚಿತ್ರವಿತ್ತು. ಸ್ಮಿತ್, ಫ್ರೆಡರಿಕ್, ಮಾರ್ಟಿನ್ ಮೂವರಿಗೂ 23 ವರ್ಷ. ಐದರಲ್ಲಿ ನಾಲ್ಕು ಜಾಗಗಳಲ್ಲಿ ಹಿಂದಿನ ವರ್ಷದವರೇ. ಸ್ಮಿತ್ ಜೊತೆ ತಂಡ ಎಂಟು ವರ್ಷಕ್ಕೆ ಸುಮಾರು 9 ಕೋಟಿ 80 ಲಕ್ಷ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು.

ಒಟ್ಟಿಗೆ ಆಡಿದ ಕಾಲಕ್ಕೆ ಅಷ್ಟು ಬೆಲೆ ಬಂದದ್ದಕ್ಕೆ ಇನ್ನೊಂದು ಕಾರಣ ಇದೆ. 2011ರಲ್ಲಿ ಆಟಗಾರರ ಸಂಘ ಮತ್ತು ಲೀಗ್ ನಡುವೆ ಆದ ಒಪ್ಪಂದ, ಕವಚ ತೊಟ್ಟು ಮಾಡುವ ಅಭ್ಯಾಸವನ್ನು ಋತುವಿನ ಅವಧಿಯಲ್ಲಿ 14 ದಿನಕ್ಕೆ ಇಳಿಸಿತು. ದೇಹದ ದೃಷ್ಟಿಯಿಂದ ಒಳ್ಳೆಯದೇ. ಆದರೆ ಮೈಗೆ ಮೈ ತಾಗದೆ ಕಲಿಯಲಾಗದ ವಿದ್ಯೆಯಿದು. ಹುಡುಗರನ್ನು ಒಂದೇ ಬೇಸಿಗೆಯಲ್ಲಿ ಪಳಗಿಸುವ ದಾರಿ ಕಿರಿದಾಯಿತು. ಜೊತೆಯಾಗಿ ಒಂದೆರಡು ವರ್ಷ ಕಳೆದವರು ಮೇಲಾದರು.

ಕ್ಯಾಲಹನ್ ಕಲಿಸಿದ ಓಟದ ಪದ್ಧತಿಗೂ ಈ ಹೊಂದಾಣಿಕೆಯೇ ಬೇಕು. ಐವರೂ ಒಂದೇ ದಿಕ್ಕಿಗೆ ಒಂದೇ ಸಲ ಹೆಜ್ಜೆ ಇಡುತ್ತಾರೆ. ಸೆಂಟರ್ ಮತ್ತು ಗಾರ್ಡ್ ಸೊಂಟಕ್ಕೆ ಸೊಂಟ ತಾಗಿಸಿ ಒಬ್ಬ ದಡೂತಿಯನ್ನು ಜೊತೆಯಾಗಿ ತಳ್ಳುತ್ತ, ಇಬ್ಬರ ಕಣ್ಣೂ ಅವನ ಹಿಂದೆ ಎರಡನೆಯ ಸಾಲಿನಲ್ಲಿರುವ ರಕ್ಷಕ, ಲೈನ್‌ಬ್ಯಾಕರ್ ಮೇಲೆ. ಅವನು ಯಾವ ಕಡೆ ಹೊರಳಿದನೋ ಆ ಕಡೆಯವನು ಮುಂದಿನ ದಡೂತಿಯನ್ನು ಜೊತೆಗಾರನಿಗೆ ಬಿಟ್ಟು ಮೇಲೆ ಹತ್ತುತ್ತಾನೆ. ಬೇಗ ಬಿಟ್ಟರೆ ದಡೂತಿ ನುಗ್ಗುತ್ತಾನೆ, ತಡವಾದರೆ ಲೈನ್‌ಬ್ಯಾಕರ್ ಓಟಗಾರನನ್ನು ಕೆಡವುತ್ತಾನೆ. ಓಟಗಾರ ತಾಳ್ಮೆಯಿಂದ ಎರಡು ಹೆಜ್ಜೆ ಕಾದು, ಎಲ್ಲಿ ಸಂದು ಬಿಟ್ಟಿತೋ ಅಲ್ಲಿ ನುಗ್ಗಬೇಕು.

ಆ ತಾಳ್ಮೆ ಡಲ್ಲಾಸ್‌ನ ಓಟಗಾರ ಡಿಮಾರ್ಕೊ ಮರ್ರೆ ಅವರಲ್ಲಿತ್ತು. 2014ರ ಮೊದಲ ಪಂದ್ಯ ಸೋತ ಡಲ್ಲಾಸ್ ಮುಂದಿನ ಆರನ್ನು ಸಾಲಾಗಿ ಗೆದ್ದಿತು. ಅದರಲ್ಲಿ ಹಾಲಿ ಚಾಂಪಿಯನ್ ಸಿಯಾಟಲ್ ತಂಡವನ್ನು ಅದರ ಗದ್ದಲದ ಅಂಗಳದಲ್ಲೇ 30–23ರಿಂದ ಸೋಲಿಸಿದ್ದೂ ಸೇರಿದೆ. ಮರ್ರೆ ಮೊದಲ ಎಂಟೂ ಪಂದ್ಯಗಳಲ್ಲಿ ನೂರು ಗಜ ದಾಟಿದರು; ಋತು ಮುಗಿದಾಗ 1,845 ಗಜ. ಎಮಿಟ್ ಸ್ಮಿತ್ 1995ರಲ್ಲಿ ಮಾಡಿದ್ದ 1,773 ಗಜಗಳ ತಂಡದ ದಾಖಲೆ ಮುರಿಯಿತು. ಹನ್ನೆರಡು ಗೆಲುವು, ನಾಲ್ಕು ಸೋಲು. ಪ್ಲೇಆಫ್‌ನಲ್ಲಿ ಗ್ರೀನ್ ಬೇ ಎದುರು ಡಲ್ಲಾಸ್‌ನ ಡೆಝ್ ಬ್ರಯಂಟ್ ಹಿಡಿದ ಚೆಂಡನ್ನು ತೀರ್ಪುಗಾರರು ಮರುಪರಿಶೀಲಿಸಿ ಹಿಡಿತವಲ್ಲ ಎಂದರು. ಆ ಜಗಳ ಡಲ್ಲಾಸ್‌ನಲ್ಲಿ ಇವತ್ತಿಗೂ ಮುಗಿದಿಲ್ಲ.

ಶ್ರೇಯ ಓಟಗಾರನದೋ ಸಾಲಿನದೋ? 2015ರಲ್ಲಿ ಮರ್ರೆ ಫಿಲಡೆಲ್ಫಿಯಾ ಸೇರಿ 702 ಗಜ ಓಡಿದರು. ಡಲ್ಲಾಸ್‌ನಲ್ಲಿ, ಮುಗಿದುಹೋದರು ಎಂದು ಹಲವರು ಕೈಬಿಟ್ಟಿದ್ದ ಡ್ಯಾರೆನ್ ಮೆಕ್‌ಫ್ಯಾಡನ್ 1,089 ಓಡಿದರು. ಇಷ್ಟೇ ಹೇಳಿ ನಿಲ್ಲಿಸಿದರೆ ನನ್ನ ವಾದ ಗೆದ್ದಂತೆ ಕಾಣುತ್ತದೆ. ಆದರೆ ಅದೇ ವರ್ಷ ರೋಮೊ ಅವರ ಕೊರಳೆಲುಬು ಮುರಿದು, ಡಲ್ಲಾಸ್ ಗೆದ್ದದ್ದು ಬರೀ ನಾಲ್ಕು ಪಂದ್ಯ. ಒಳ್ಳೆಯ ಸಾಲು ಚೆಂಡು ಎಸೆಯುವವನಿಗೆ ಹೊತ್ತು ಕೊಡಬಲ್ಲದು, ಅವನ ಪರವಾಗಿ ಎಸೆಯಲಾರದು.

ಅದು ಕೊಡುವ ಹೊತ್ತು ಎಷ್ಟು ದೊಡ್ಡದೆಂಬುದು ತಿಳಿದದ್ದು 2017ರ ನವೆಂಬರ್ 12ರಂದು, ಅಟ್ಲಾಂಟಾದಲ್ಲಿ. ಗಾಯಗೊಂಡ ಟೈರನ್ ಸ್ಮಿತ್ ಆ ದಿನ ಆಡಲಿಲ್ಲ. ಬದಲಿಗೆ ನಿಂತವನು ತಡೆಯಲಾರದೆ ಹೋದ. ಅವನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸಿದರೂ ಕಥೆ ಅದೇ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಎಂಟು ಸಲ ಚೆಂಡಿನ ಸಮೇತ ನೆಲಕ್ಕೆ ಬಿದ್ದರು, ಡಲ್ಲಾಸ್ 27–7ರಿಂದ ಸೋತಿತು. ಆ ಎಂಟರಲ್ಲಿ ಆರು ಸಲ ಕೆಡವಿದವರು ಅಟ್ಲಾಂಟಾದ ಏಡ್ರಿಯನ್ ಕ್ಲೇಬೋರ್ನ್ ಒಬ್ಬರೇ. ಇಡೀ ಋತುವಿನ 16 ಪಂದ್ಯಗಳಲ್ಲಿ ಅವರ ಲೆಕ್ಕ ಒಂಬತ್ತೂವರೆ.