ಗಾಳಿಗೆ ಎದುರಾಗಿ ನಿಲ್ಲುವ ಎರಡು ಬಗೆ: ಹ್ಯಾಮ್ ರೇಡಿಯೊ ಗೋಪುರಗಳು

ಹವ್ಯಾಸಿ ರೇಡಿಯೊ ಕೇಂದ್ರದ ಮಾತು ಎಷ್ಟು ದೂರ ತಲುಪಬಲ್ಲದೆಂಬುದು ಪ್ರೇಷಕದ ಶಕ್ತಿಯ ಜೊತೆಗೆ ಆಂಟೆನಾದ ಎತ್ತರವನ್ನೂ ಅವಲಂಬಿಸಿದೆ. 14 ಮೆಗಾಹರ್ಟ್ಸ್ ಆವರ್ತನದ ಅಲೆಯ ಉದ್ದ ಸುಮಾರು 21 ಮೀಟರ್. ಸಮತಟ್ಟಾದ ನೆಲದ ಮೇಲೆ ಅಡ್ಡಲಾಗಿ ನಿಲ್ಲಿಸಿದ ಆಂಟೆನಾ ಇದರ ಅರ್ಧದಷ್ಟು ಎತ್ತರದಲ್ಲಿದ್ದರೆ ಅಲೆಗಳು ದಿಗಂತದಿಂದ ಸುಮಾರು 30 ಡಿಗ್ರಿ ಮೇಲ್ಮುಖವಾಗಿ ಹೊರಡುತ್ತವೆ, ಪೂರ್ಣ ಅಲೆಯುದ್ದದ ಎತ್ತರದಲ್ಲಿದ್ದರೆ ಆ ಕೋನ ಸುಮಾರು 14 ಡಿಗ್ರಿಗೆ ಇಳಿದು, ವಾತಾವರಣದ ಮೇಲಿನ ವಿದ್ಯುದಾವೇಶಿತ ಪದರವಾದ ಅಯಾನುಗೋಳದಿಂದ ಮರಳುವ ಅಲೆಗಳು ಇನ್ನಷ್ಟು ದೂರ ಸಾಗುತ್ತವೆ.

ಆಂಟೆನಾವನ್ನು ಅಷ್ಟು ಎತ್ತರದಲ್ಲಿ ಹೊರುವ ಸುಮಾರು 20 ಮೀಟರ್ ಗೋಪುರಕ್ಕೆ ಸ್ವಂತ ತೂಕಕ್ಕಿಂತ ಗಾಳಿಯೇ ದೊಡ್ಡ ಪರೀಕ್ಷೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಭಾರತೀಯ ಮಾನಕ ಐಎಸ್ 875ರಲ್ಲಿ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39 ಮೀಟರ್. ವ್ಯತ್ಯಾಸ ಚಿಕ್ಕದೆನಿಸಿದರೂ ಮಂಗಳೂರಿನ ಗೋಪುರ ತಾಳಬೇಕಾದ ಒತ್ತಡ ಸುಮಾರು ಶೇ 40ರಷ್ಟು ಹೆಚ್ಚು.

ತಂತಿಗಳ ಆಸರೆಯಿಲ್ಲದ ಸ್ವಾವಲಂಬಿ ಗೋಪುರದಲ್ಲಿ ಗಾಳಿಯ ಬಲವೆಲ್ಲ ಬುಡಕ್ಕೆ ಇಳಿದು, ಗಾಳಿಗೆ ಎದುರಾದ ಕಾಲನ್ನು ಮೇಲಕ್ಕೆ ಕೀಳಲು, ಆಚೆಯ ಕಾಲನ್ನು ನೆಲಕ್ಕೆ ಅದುಮಲು ಯತ್ನಿಸುತ್ತದೆ. ಆದ್ದರಿಂದಲೇ ಅದರ ಬುಡ ಅಗಲವಾಗಿ, ತುದಿ ಕಿರಿದಾಗಿರುತ್ತದೆ ಮತ್ತು ಮಗುಚುವಿಕೆಯನ್ನು ತಡೆಯುವಷ್ಟು ಭಾರವಾದ ಕಾಂಕ್ರೀಟ್ ಅಡಿಪಾಯ ಬೇಕಾಗುತ್ತದೆ.

ವಿದ್ಯುತ್ ಕಂಬಗಳಿಗೆ ಬಿಗಿಯುವಂಥ ಸ್ಟೇ ತಂತಿಗಳು ಹಿಡಿದಿರುವ ಗೋಪುರವಾದರೋ ತೆಳ್ಳಗಿದ್ದರೂ ಸಾಕು. ಸಾಮಾನ್ಯವಾಗಿ ಮೂರು ದಿಕ್ಕುಗಳಿಗೆ, ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ, ಹಲವು ಹಂತಗಳಿಂದ ಹೊರಡುವ ಈ ತಂತಿಗಳು ಎಳೆಯಬಲ್ಲವೇ ಹೊರತು ತಳ್ಳಲಾರವು. ಹಾಗಾಗಿ ಗಾಳಿಯ ಹೊಡೆತವನ್ನು ಅದು ಬೀಸುವ ಕಡೆಯ ತಂತಿಗಳೇ ಎದುರಿಸುತ್ತವೆ. ಅವುಗಳ ಸೆಳೆತದ ಒಂದು ಪಾಲು ಗೋಪುರವನ್ನು ಕೆಳಕ್ಕೆ ಒತ್ತುವುದರಿಂದ, ತಂತಿ ಲಂಬಕ್ಕೆ ಹತ್ತಿರವಾದಷ್ಟೂ ಗೋಪುರದ ನಡು ಬಳುಕುವ ಅಪಾಯ ಹೆಚ್ಚುತ್ತದೆ. ಇದನ್ನು ತಪ್ಪಿಸಲು ನೆಲದ ಲಂಗರುಗಳನ್ನು ಗೋಪುರದ ಎತ್ತರದ ಶೇ 60ರಿಂದ 80ರಷ್ಟು ದೂರದಲ್ಲಿ ಹೂಳುತ್ತಾರೆ. ಉಕ್ಕಿನ ತಂತಿ ತಾನೇ ಆಂಟೆನಾದಂತೆ ವರ್ತಿಸದಿರಲೆಂದು ಅದನ್ನು ಅಲ್ಲಲ್ಲಿ ತುಂಡರಿಸಿ, ನಡುವೆ ಪಿಂಗಾಣಿಯ ಅವಾಹಕಗಳನ್ನು ಜೋಡಿಸುವುದೂ ಉಂಟು.

ಈ ರಚನೆ ಉಕ್ಕನ್ನು ಉಳಿಸಿದರೂ ಪ್ರತಿಯೊಂದು ತಂತಿಯ ಮೇಲೂ ಗೋಪುರದ ಅಳಿವು ಉಳಿವನ್ನು ಹೊರಿಸುತ್ತದೆ. ಪೋಲೆಂಡಿನ ಕೊನ್‌ಸ್ಟಾಂಟಿನೂಫ್‌ನಲ್ಲಿದ್ದ 646 ಮೀಟರ್ ಎತ್ತರದ ರೇಡಿಯೊ ಸ್ತಂಭ 1991ರ ಆಗಸ್ಟ್ 8ರಂದು, ತಂತಿಗಳನ್ನು ಬದಲಿಸುವ ಕೆಲಸದ ನಡುವೆಯೇ ಕುಸಿದುಬಿತ್ತು.

ನಗರದ 30×40 ಅಡಿ ನಿವೇಶನದಲ್ಲಿ 20 ಮೀಟರ್ ಗೋಪುರದ ಲಂಗರುಗಳಿಗೆ ಸ್ಥಳವಿರದು, ಹೊಲದಂಚಿನಲ್ಲಾದರೆ ತಂತಿ ಬಿಗಿದ ಗೋಪುರವೇ ಅಗ್ಗದ ದಾರಿ. ಆದರೆ ಎರಡೂ ಬಗೆಗಳಲ್ಲಿ ಗಾಳಿಯ ಬಲ ಕೊನೆಗೆ ಸೇರುವುದು ನೆಲವನ್ನೇ ಆದ್ದರಿಂದ, ಉಕ್ಕನ್ನು ಕೊಳ್ಳುವ ಮೊದಲು ಮಣ್ಣಿನ ಹಿಡಿತವನ್ನು ಪರೀಕ್ಷಿಸುವುದು ಅಗತ್ಯ.