ಪೈಪ್ ಹಾಕಿದರೆ ಕೊನೆಯಲ್ಲ, ಚಿಕಿತ್ಸೆಗೆ ಆಸರೆ

ಸಿ. ಬೆಳಗಲ್: ತುಂಗಭದ್ರೆ ದಂಡೆಯ ಈ ಭಾಗದ ಕನ್ನಡ ಕುಟುಂಬಗಳಲ್ಲಿ ಯಾರಿಗಾದರೂ ಬಾಯಿ ಅಥವಾ ಗಂಟಲು ಕ್ಯಾನ್ಸರ್ ಎಂದು ಗೊತ್ತಾದರೆ ಮೊದಲ ಪ್ರಶ್ನೆ, ಯಾವ ಊರಿಗೆ ಹೋಗೋದು? ಕರ್ನೂಲೋ, ಬಳ್ಳಾರಿಯೋ, ಹೈದರಾಬಾದೋ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೋ? ಅದು ತೀರ್ಮಾನವಾದ ಮೇಲೆ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ಊಟಕ್ಕೆ ಪೈಪ್ ಹಾಕಿಸಬೇಕೋ, ಬೇಡವೋ?

‘ಪೈಪ್ ಹಾಕಿದ್ರೆ ಮುಗೀತು’ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇದ್ದದ್ದೇ. ಆದರೆ ಗುಣವಾಗಲೆಂದು ಚಿಕಿತ್ಸೆ ಪಡೆಯುವವರಲ್ಲಿ ಹೆಚ್ಚಿನವರಿಗೆ ಅದು ಕೆಲವು ವಾರ ಇಲ್ಲವೇ ತಿಂಗಳ ಮಾತು.

ಏಕೆ ಬೇಕು: ಊರಲ್ಲಿ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6ರಿಂದ 7 ವಾರ ನಡೆಯುತ್ತದೆ. ಎರಡು-ಮೂರನೇ ವಾರಕ್ಕೆ ಬಾಯಿ ಹುಣ್ಣಾಗುತ್ತದೆ, ಜೊಲ್ಲು ಒಣಗುತ್ತದೆ. ಜೋಳದ ರೊಟ್ಟಿ ಹೋಗಲಿ, ನೀರು ಕುಡಿದರೂ ಉರಿ. ಸುಸ್ತಾಗಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ. ಪೈಪ್ ಇರುವುದು ಇದನ್ನು ತಪ್ಪಿಸಲು.

ಎರಡು ಬಗೆ: ಮೂಗಿನಿಂದ ಹೊಟ್ಟೆಗೆ ಇಳಿಯುವ ರೈಲ್ಸ್ ಟ್ಯೂಬ್ ಹಾಕಲು ಆಪರೇಷನ್ ಬೇಡ, ಖರ್ಚೂ ಕಡಿಮೆ. ಆದರೆ ಮೂಗು ಗಂಟಲು ಕೆರೆಯುತ್ತದೆ, ಜಾರಿ ಹೊರಬರಬಹುದು, ಎದ್ದು ಕಾಣುತ್ತದೆ. ನಾಲ್ಕು ವಾರ ಮೀರಿ ಬೇಕೆನಿಸಿದರೆ ಹೊಟ್ಟೆಯ ಮೇಲಿಂದ ನೇರ ಜಠರಕ್ಕೆ ಹಾಕುವ ‘ಪೆಗ್’ ಟ್ಯೂಬ್ ಬಗ್ಗೆ ಯೋಚಿಸುತ್ತಾರೆ. ಅಂಗಿಯೊಳಗೆ ಮರೆಯಾಗುತ್ತದೆ. ಹಾಕಿದ ಜಾಗದಲ್ಲಿ ಸೋಂಕು, ಸೋರಿಕೆ ಆಗದಂತೆ ನೋಡಿಕೊಳ್ಳಬೇಕು.

ಯಾರಿಗೆ, ಯಾವಾಗ: ಎಲ್ಲರಿಗೂ ಬೇಕಿಲ್ಲ. ಈಗಾಗಲೇ ತೂಕ ಬಹಳ ಇಳಿದವರಿಗೆ, ನೀರು ಕುಡಿದರೆ ಕೆಮ್ಮುವವರಿಗೆ ಮೊದಲೇ ಹಾಕಿಸಲು ಹೇಳುವುದುಂಟು. ಉಳಿದವರು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಬೇಕು. 60 ಕಿಲೋ ಇದ್ದವರು ತಿಂಗಳಲ್ಲಿ 3 ಕಿಲೋ ಇಳಿದರೆ ತಡಮಾಡದೆ ವೈದ್ಯರಿಗೆ ಹೇಳಬೇಕು.

ನುಂಗೋದು ಬಿಡಬೇಡಿ: ಪೈಪ್ ಇದೆಯೆಂದು ಬಾಯಿ ಮುಚ್ಚಿ ಕೂತರೆ ಗಂಟಲಿನ ಸ್ನಾಯು ಸೋಲುತ್ತದೆ, ಮುಂದೆ ಪೈಪ್ ಬಿಡಿಸೋದು ಕಷ್ಟವಾಗುತ್ತದೆ. ವೈದ್ಯರು ಬೇಡ ಎನ್ನದಿದ್ದರೆ ದಿನಾ ನಾಲ್ಕು ಗುಟುಕು ನುಂಗುತ್ತಿರಬೇಕು, ಹೇಳಿಕೊಟ್ಟ ವ್ಯಾಯಾಮ ಮಾಡಬೇಕು.

ಮನೆಯಲ್ಲಿ: ತೆಳು ಗಂಜಿಯೊಂದೇ ಸಾಲದು. ಹಾಲು, ಮೊಟ್ಟೆ, ಬೇಳೆ, ಎಣ್ಣೆ ಎಷ್ಟೆಷ್ಟು ಎಂದು ಆಸ್ಪತ್ರೆಯಲ್ಲೇ ಬರೆಸಿಕೊಳ್ಳಿ. ಸೋಸಿ ಕೊಡಬೇಕು. ಕೊಡುವಾಗ ಕೂರಿಸಬೇಕು, ಆಮೇಲೂ ಅರ್ಧದಿಂದ ಒಂದು ತಾಸು ಮಲಗಿಸಬಾರದು. ಕೊಟ್ಟ ಮೇಲೆ ಪೈಪಿಗೆ ನೀರು ಹಾಯಿಸಬೇಕು.

ಗಡಿಯ ಕಷ್ಟ: ಬೆಂಗಳೂರಿನಲ್ಲಿ ಹಾಕಿದ ಪೈಪ್ ರಾತ್ರಿ ಇಲ್ಲಿ ಜಾರಿದರೆ ಯಾರ ಬಳಿ ಹೋಗೋದು? ಹತ್ತಿರದಲ್ಲಿ ಯಾರು ಹಾಕುತ್ತಾರೆ, ಯಾವ ರಾಜ್ಯದ ಆರೋಗ್ಯ ಕಾರ್ಡ್ ಎಲ್ಲಿ ನಡೆಯುತ್ತದೆ ಎಂದು ಡಿಸ್ಚಾರ್ಜ್ ಆಗುವ ಮೊದಲೇ ಕೇಳಿ. ಪೆಗ್ ಕಳಚಿದರೆ ರಂಧ್ರ ಕೆಲವೇ ತಾಸಿನಲ್ಲಿ ಮುಚ್ಚತೊಡಗುತ್ತದೆ, ಬೆಳಗಾಗಲಿ ಎಂದು ಕಾಯಬಾರದು. ಮೂಗಿನ ಪೈಪನ್ನು ಮನೆಯವರೇ ತೂರಿಸಲು ಹೋಗಬಾರದು. ಶ್ವಾಸಕೋಶಕ್ಕೆ ಹೋದೀತು.

ಕೆಲವರಿಗೆ ಪೈಪ್ ಕಾಯಂ ಆಗುವುದೂ ಉಂಟು. ಆಗಲೂ ಬದುಕು ನಿಲ್ಲಬೇಕಿಲ್ಲ. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್ 2006ರ ಶಸ್ತ್ರಚಿಕಿತ್ಸೆಗಳ ನಂತರ ಮಾತು, ಊಟ ಎರಡನ್ನೂ ಕಳೆದುಕೊಂಡರು. ಟ್ಯೂಬಿನ ಆಹಾರದಲ್ಲೇ 2013ರವರೆಗೆ ಬದುಕಿ, ಕೊನೆವರೆಗೂ ಬರೆದರು.

ರೋಗ ಗುಣವಾಗುವ ಹಂತ ದಾಟಿದ್ದರೆ ಲೆಕ್ಕ ಬೇರೆ. ಪೈಪಿನಿಂದ ನೆಮ್ಮದಿ ಸಿಗುತ್ತದೋ, ಹಿಂಸೆ ಹೆಚ್ಚುತ್ತದೋ ಎಂದು ವೈದ್ಯರನ್ನು ನೇರವಾಗಿ ಕೇಳಬೇಕು. ಬೇಡ ಎನ್ನುವ ಹಕ್ಕು ರೋಗಿಗೆ ಇದೆ. ಮಕ್ಕಳು, ಅಣ್ತಮ್ಮಂದಿರು ಹೊರಗೆ ನಿಂತು ತೀರ್ಮಾನಿಸುವ ಮಾತಲ್ಲ ಇದು. ಬಾಯಿ ಹುಣ್ಣಾಗಿ ಮಾತು ಕಷ್ಟವಾಗುವ ಮೊದಲೇ, ಊಟ ಯಾರದೋ ಅವರನ್ನೇ ಕೇಳೋದು ಒಳ್ಳೇದು.